ಆಟಿಕೆಯ ಪೆಟ್ಟಿಗೆಯು ಏಕೆ ಸುಲಭವಾಗಿ ತೆರೆಯದು?

ನವರಾತ್ರಿಯು ಸಮೀಪಿಸಿತೆಂದರೆ ನಮ್ಮ ಚೆನ್ನೈ ನಗರದ ಮೈಲಾಪುರದಲ್ಲಿ, ಕಪಾಲೀಶ್ವರ ದೇವಾಲಯದ ಉತ್ತರ ಮಾಡ ಬೀದಿಯು ಗೊಂಬೆಗಳಿಂದ ತುಂಬಿಹೋಗುವುದು. ಪಣ್ರುಟ್ಟಿ, ಕಾಂಚೀಪುರ, ಮಧುರೆಯ ಬಳಿಯ ವಿಳಾಚೇರಿ ಮೊದಲಾದ ಊರುಗಳ ಕುಶಲಿಗಳು ಮಣ್ಣಿನಿಂದಲೂ ಕಾಗದದ ಮುದ್ದೆಯಿಂದಲೂ ಮಾಡಿದ ಗೊಂಬೆಗಳು ಒಣಹುಲ್ಲಿನಲ್ಲಿಯೂ ಹಳೆಯ ಪತ್ರಿಕೆಗಳಲ್ಲಿಯೂ ಹುದುಗಿ ಅಲ್ಲಿಗೆ ಬರುತ್ತವೆ. ಹಬ್ಬವು ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಪಟ್ಟದ ಗೊಂಬೆಗಳನ್ನು ಹಳೆಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುವುದೂ ಹೀಗೆಯೇ. ಮರುವರ್ಷ ಆ ಸುತ್ತನ್ನು ಬಿಡಿಸಲು ಕತ್ತರಿ ಬೇಕಿಲ್ಲ, ಬೆರಳುಗಳೇ ಸಾಕು.

ಇದೇ ನಗರದ ದೊಡ್ಡ ಅಂಗಡಿಯಿಂದ ತಂದ ಒಂದು ಆಟದ ಕಾರನ್ನೋ ಮಾತನಾಡುವ ಬೊಂಬೆಯನ್ನೋ ತೆಗೆದುಕೊಳ್ಳಿ. ಮೊದಲು ಹೊಳೆಯುವ ಹಾಳೆ. ಅದರೊಳಗೆ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಎದುರಿಗೆ ಪಾರದರ್ಶಕವಾದ ಪ್ಲಾಸ್ಟಿಕ್ ಕಿಟಕಿ. ಒಳಗೆ ಬೊಂಬೆಯ ಕತ್ತು, ಸೊಂಟ, ಕೈ, ಕಾಲುಗಳನ್ನು ಬಿಗಿದಿರುವ ತಂತಿಗಳು. ತಂತಿಯ ತುದಿಗಳ ಮೇಲೆ ಅಂಟುಪಟ್ಟಿ. ತಂದೆಯವರು ಕತ್ತರಿಯನ್ನು ಹುಡುಕುತ್ತಾರೆ, ತಾಯಿಯವರು ಅಡಿಗೆಮನೆಯ ಚಾಕುವನ್ನು ತರುತ್ತಾರೆ. ಯಾರ ಸಂತೋಷಕ್ಕಾಗಿ ಆಟಿಕೆಯನ್ನು ತಂದರೋ ಆ ಮಗು ಪಕ್ಕದಲ್ಲಿ ಕುಳಿತು ಕಾಯುತ್ತದೆ. ಮಕ್ಕಳಿಗಾಗಿ ಮಾಡಿದ ವಸ್ತುವಿನ ಪೆಟ್ಟಿಗೆಯನ್ನು ಮಕ್ಕಳೇ ತೆರೆಯಲಾರದಂತೆ ಮಾಡುವುದೇಕೆ? ತಯಾರಕರಿಗೆ ಮಕ್ಕಳ ಮೇಲೆ ಏನಾದರೂ ಹಗೆಯುಂಟೆ? ಕಾರಣವಿಲ್ಲದೆ ಕಾರ್ಯವಿಲ್ಲ. ಆ ಕಾರಣಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಪ್ರಯಾಣ. ನಮ್ಮ ದೇಶದಲ್ಲಿ ಮಾರಾಟವಾದ ಆಟಿಕೆಗಳಲ್ಲಿ ಬಹುಭಾಗವು ಬಹುಕಾಲ ಚೀನಾ ದೇಶದಿಂದ ಬರುತ್ತಿತ್ತು. 2020ರಲ್ಲಿ ನಮ್ಮ ಸರಕಾರವು ಆಟಿಕೆಗಳ ಆಮದು ಸುಂಕವನ್ನು ಶೇಕಡ 20ರಿಂದ 60ಕ್ಕೆ ಏರಿಸಿದುದಕ್ಕೆ ಇದೂ ಒಂದು ಕಾರಣ. ಕಾರ್ಖಾನೆಯಿಂದ ಲಾರಿಗೆ, ಲಾರಿಯಿಂದ ಹಡಗಿಗೆ, ಬಂದರಿನಿಂದ ಉಗ್ರಾಣಕ್ಕೆ, ಅಲ್ಲಿಂದ ಅಂಗಡಿಗೆ ಸಾಗುವಷ್ಟರಲ್ಲಿ ಪೆಟ್ಟಿಗೆಯು ಸಾವಿರಾರು ಬಾರಿ ಅಲುಗಾಡುತ್ತದೆ, ಕೆಲವು ಬಾರಿ ಬೀಳುತ್ತದೆ. ಒಳಗಿನ ವಸ್ತುವು ಸಡಿಲವಾಗಿದ್ದರೆ ಅದರ ಬಣ್ಣವು ಉಜ್ಜಿಹೋಗುತ್ತದೆ, ಚಕ್ರವು ಕಳಚುತ್ತದೆ. ಆದುದರಿಂದಲೇ ತುಂಬಿದ ಪೆಟ್ಟಿಗೆಗಳನ್ನು ಎತ್ತರದಿಂದ ಬೀಳಿಸಿ, ಯಂತ್ರದ ಮೇಲಿಟ್ಟು ನಡುಗಿಸಿ ಪರೀಕ್ಷಿಸುವ ಪದ್ಧತಿಯು ಬಳಕೆಯಲ್ಲಿದೆ. ಚನ್ನಪಟ್ಟಣದ ಆಟಿಕೆಗೆ ಇಷ್ಟು ರಕ್ಷಣೆ ಬೇಕಾಗದು. ಹಾಲೆ ಮರವನ್ನು ಚರಕಿಯ ಮೇಲೆ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಮೆರುಗು ಕೊಟ್ಟ ಆ ಬುಗುರಿ, ಗಿಲಕಿಗಳು ಗಟ್ಟಿಯಾದ ಸರಳ ವಸ್ತುಗಳು. ಕಾಗದದಲ್ಲಿ ಸುತ್ತಿದರೂ ಕ್ಷೇಮವಾಗಿ ಊರು ಸೇರುತ್ತವೆ. ವಸ್ತುವು ನಾಜೂಕಾದಷ್ಟೂ, ಅದರ ಬಿಡಿ ಭಾಗಗಳು ಹೆಚ್ಚಿದಷ್ಟೂ, ಕಟ್ಟು ಬಿಗಿಯಾಗುತ್ತದೆ.

ಎರಡನೆಯದು ಪ್ರದರ್ಶನ. ಅಂಗಡಿಯ ಅರೆಯಲ್ಲಿ ಪೆಟ್ಟಿಗೆಯೇ ಮಾರಾಟಗಾರನಂತೆ ಕೆಲಸ ಮಾಡಬೇಕು. ಬೊಂಬೆಯು ಕೈಯೆತ್ತಿ ನಗುತ್ತ ನಿಂತಿರಬೇಕು. ಕಾರು ಮುಖವೆತ್ತಿ ಹೊರಡಲು ಸಿದ್ಧವಾದಂತೆ ತೋರಬೇಕು. ಪೆಟ್ಟಿಗೆಯನ್ನು ತಲೆಕೆಳಗು ಮಾಡಿದರೂ ಆ ಭಂಗಿಯು ಕೆಡಬಾರದು. ಅದಕ್ಕಾಗಿಯೇ ಅಷ್ಟೊಂದು ತಂತಿಗಳು. ಕೆಲವು ಪೆಟ್ಟಿಗೆಗಳಲ್ಲಿ ಗುಂಡಿಯೊಂದನ್ನು ಮಾತ್ರ ಹೊರಗೆ ಕಾಣಿಸಿ, ಒತ್ತಿ ನೋಡಿರೆಂದು ಬರೆದಿರುತ್ತಾರೆ. ಮಗುವು ಒತ್ತಬಹುದು, ಎತ್ತಿಕೊಳ್ಳಲಾಗದು!

ಮೂರನೆಯ ಕಾರಣವು ಕಳ್ಳತನದ ಭಯ. ಹಿಂದೆ ಅಂಗಡಿಯವನು ಹಲಗೆಯ ಹಿಂದೆ ನಿಂತು, ಗಿರಾಕಿಯು ಕೇಳಿದ ವಸ್ತುವನ್ನು ತಾನೇ ತೆಗೆದು ಕೊಡುತ್ತಿದ್ದನು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು ಪಿಗ್ಲಿ ವಿಗ್ಲಿ ಎಂಬ ಅಂಗಡಿಯನ್ನು ತೆರೆದು, ಗಿರಾಕಿಗಳೇ ಒಳಗೆ ತಿರುಗಾಡಿ ಬೇಕಾದುದನ್ನು ತೆಗೆದುಕೊಂಡು ಬಂದು ಹಣ ಕೊಡುವ ಕ್ರಮವನ್ನು ಬಳಕೆಗೆ ತಂದನು. ಈ ಕ್ರಮವು ಲೋಕದಲ್ಲೆಲ್ಲ ಹರಡಿತು. ಇಂದು ನಮ್ಮ ನಗರದ ದೊಡ್ಡ ಅಂಗಡಿಗಳೂ ಹಾಗೆಯೇ ಇವೆ. ವಸ್ತುವು ಎಲ್ಲರ ಕೈಗೂ ಎಟುಕುವಂತಾದ ಮೇಲೆ, ಸಣ್ಣ ಆಟಿಕೆಯನ್ನು ಪೆಟ್ಟಿಗೆಯಿಂದ ಜಾರಿಸಿ ಕಿಸೆಗೆ ಹಾಕಿಕೊಳ್ಳುವವರೂ ಇರುವುದುಂಟು. ಆಟಿಕೆಗಿಂತ ಪ್ಲಾಸ್ಟಿಕ್ ಚಿಪ್ಪು ಎಷ್ಟೋ ದೊಡ್ಡದಾಗಿರುವುದನ್ನು ನಾವು ನೋಡಿದ್ದೇವೆ. ಚಿಪ್ಪು ದೊಡ್ಡದಾದರೆ ಕಿಸೆಗೆ ಹಿಡಿಸದು. ಗಟ್ಟಿಯಾದರೆ ಅಂಗಡಿಯಲ್ಲಿ ಸದ್ದಿಲ್ಲದೆ ಬಿಚ್ಚಲಾಗದು. ಕಳ್ಳನಿಗೆ ಹಾಕಿದ ಬೀಗವನ್ನು ಮನೆಯಲ್ಲಿ ಮಗುವು ತೆಗೆಯಬೇಕಾಗಿದೆ.

ಇನ್ನು ಆ ಚಿಪ್ಪಿನ ಗುಣವನ್ನು ಸ್ವಲ್ಪ ಪರಿಶೀಲಿಸೋಣ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆತ್ತಗೆ ಮಾಡಿ, ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿಯನ್ನು ಹೀರಿದರೆ ಹಾಳೆಯು ಅಚ್ಚಿಗೆ ಅಂಟಿಕೊಂಡು ಅದರ ಆಕಾರವನ್ನು ತಾಳುತ್ತದೆ. ಆರಿದ ಮೇಲೆ ಆಟಿಕೆಯನ್ನು ಒಳಗಿಟ್ಟು, ಎರಡು ಹೋಳುಗಳ ಅಂಚುಗಳನ್ನು ಶಾಖದಿಂದ ಬೆಸೆಯುತ್ತಾರೆ. ಹೀಗೆ ಬೆಸೆದ ಅಂಚನ್ನು ಕೈಯಿಂದ ಹರಿಯುವುದು ಬಲು ಕಷ್ಟ. ಆದರೆ ಅದೇ ಪ್ಲಾಸ್ಟಿಕ್ ಜಾತಿಯ ಶಾಂಪೂ ಪೊಟ್ಟಣವು ಎರಡು ಬೆರಳುಗಳಿಗೆ ಸಿಕ್ಕರೆ ಹರಿಯುತ್ತದಲ್ಲ, ಅದು ಹೇಗೆ?

ಇದರ ಗುಟ್ಟು ಅಂಚಿನಲ್ಲಿದೆ. ನಮ್ಮ ರಾಜ್ಯದ ಕಡಲೂರಿನ ಚಿನ್ನಿ ಕೃಷ್ಣನ್ ಅವರು ಶಾಂಪೂವನ್ನು ಸಣ್ಣ ಪೊಟ್ಟಣಗಳಲ್ಲಿ ತುಂಬಿ ಮಾರುವ ಪದ್ಧತಿಯನ್ನು ಬೆಳೆಸಿದವರಲ್ಲಿ ಪ್ರಮುಖರು. ಅಂತಹ ಪೊಟ್ಟಣದ ಅಂಚನ್ನು ನೋಡಿದರೆ ಗರಗಸದ ಹಲ್ಲುಗಳಂತಹ ಕಚ್ಚುಗಳು ಕಾಣುತ್ತವೆ. ಇಲ್ಲವೆ ಒಂದು ಸಣ್ಣ ಸೀಳಾದರೂ ಇರುತ್ತದೆ. ನಯವಾದ ಅಂಚನ್ನು ಎಳೆದಾಗ ನಮ್ಮ ಬಲವು ಅಂಚಿನ ಉದ್ದಕ್ಕೂ ಹಂಚಿಹೋಗುತ್ತದೆ. ಕಚ್ಚು ಇದ್ದರೆ ಬಲವೆಲ್ಲ ಅದರ ಚೂಪಾದ ತುದಿಯಲ್ಲಿ ಒಟ್ಟುಗೂಡಿ, ಅಲ್ಲಿಂದ ಸೀಳು ಮುಂದಕ್ಕೆ ಓಡುತ್ತದೆ. ಹಡಗುಗಳ ಉಕ್ಕಿನ ತಗಡುಗಳ ವಿಷಯದಲ್ಲಿ ಇಂಗ್ಲಿಸ್ ಎಂಬ ಇಂಜಿನಿಯರನು 1913ರಲ್ಲಿ ಇದನ್ನು ಗಣಿತದಿಂದ ತೋರಿಸಿದನು; 1921ರಲ್ಲಿ ಗ್ರಿಫಿತ್ ಎಂಬಾತನು ಗಾಜಿನ ಮೇಲೆ ಪ್ರಯೋಗ ಮಾಡಿ, ಸೀಳು ಯಾವಾಗ ಬೆಳೆಯುವುದೆಂಬುದನ್ನು ವಿವರಿಸಿದನು. ನೀವೂ ಪರೀಕ್ಷಿಸಬಹುದು. ಬಿಸ್ಕತ್ತಿನ ಪೊಟ್ಟಣದ ಹೊಳೆಯುವ ಹೊದಿಕೆಯಿಂದ ನಯವಾದ ಅಂಚಿರುವ ಎರಡು ತುಂಡುಗಳನ್ನು ಕತ್ತರಿಸಿಕೊಳ್ಳಿ. ಒಂದರ ಅಂಚಿಗೆ ಕತ್ತರಿಯಿಂದ ಸಾಸಿವೆಯ ಅಗಲದಷ್ಟು ಕಚ್ಚು ಹಾಕಿ ಎರಡನ್ನೂ ಹರಿದು ನೋಡಿ. ವ್ಯತ್ಯಾಸವು ಕೈಗೇ ತಿಳಿಯುವುದು. ಶಾಂಪೂ ಪೊಟ್ಟಣವನ್ನು ಮಾಡಿದವನು ತೆರೆಯುವವನನ್ನು ನೆನೆದು ಆ ಕಚ್ಚನ್ನು ಹಾಕಿದನು. ಆಟಿಕೆಯ ಚಿಪ್ಪನ್ನು ಮಾಡಿದವನು ಕಳ್ಳನನ್ನು ನೆನೆದು ಅದನ್ನು ಬಿಟ್ಟನು.

ಮಕ್ಕಳು ತೆರೆಯಬಾರದೆಂದೇ ಮಾಡಿದ ಡಬ್ಬಿಗಳೂ ಲೋಕದಲ್ಲಿ ಉಂಟು. ಅವು ಔಷಧದ ಡಬ್ಬಿಗಳು. ಅಮೆರಿಕದಲ್ಲಿ 1970ರಲ್ಲಿ ಆದ ಒಂದು ಕಾಯಿದೆಯ ಪ್ರಕಾರ, ಅಪಾಯಕರವಾದ ಔಷಧಗಳ ಡಬ್ಬಿಯು ಐದು ವರ್ಷದೊಳಗಿನ ಮಕ್ಕಳಿಗೆ ತೆರೆಯಲು ಕಷ್ಟವಾಗಿರಬೇಕು, ವಯಸ್ಕರಿಗೆ ಕಷ್ಟವಾಗಿರಬಾರದು. ಕೆಳಕ್ಕೆ ಒತ್ತಿ ತಿರುಗಿಸಬೇಕಾದ ಮುಚ್ಚಳವು ಅಂತಹುದು. ಅಲ್ಲಿ ಡಬ್ಬಿಯನ್ನು ಯಾರು ತೆರೆಯಬೇಕು, ಯಾರು ತೆರೆಯಬಾರದು ಎಂಬುದನ್ನು ಮೊದಲೇ ಯೋಚಿಸಿದ್ದಾರೆ. ಆಟಿಕೆಯ ಪೆಟ್ಟಿಗೆಯ ವಿಷಯದಲ್ಲಿಯಾದರೋ ತಯಾರಕ, ಸಾಗಣೆಗಾರ, ಅಂಗಡಿಯವನು ಈ ಮೂವರ ಅಗತ್ಯಗಳನ್ನು ಯೋಚಿಸಿ ಮುಗಿಸುವಷ್ಟರಲ್ಲಿ ಮಗುವಿನ ಸರದಿ ಬರುವುದೇ ಇಲ್ಲ.

ಈ ಮಾತು ನಿಜವೆಂಬುದಕ್ಕೆ ಒಂದು ನಿದರ್ಶನವಿದೆ. ಮನೆಗೇ ವಸ್ತುಗಳನ್ನು ಕಳುಹಿಸುವ ಅಮೆಜಾನ್ ಸಂಸ್ಥೆಯು 2008ರಲ್ಲಿ, ಕೆಲವು ಆಟಿಕೆ ತಯಾರಕರೊಡನೆ ಸೇರಿ, ತಂತಿಯೂ ಗಟ್ಟಿ ಚಿಪ್ಪೂ ಇಲ್ಲದ ಸರಳವಾದ ರಟ್ಟಿನ ಪೆಟ್ಟಿಗೆಯನ್ನು ಬಳಸಲಾರಂಭಿಸಿತು. ಅಂಚೆಯಲ್ಲಿ ಬರುವ ವಸ್ತುವನ್ನು ಅರೆಯಲ್ಲಿ ನಿಲ್ಲಿಸಿ ತೋರಿಸಬೇಕಾಗಿಲ್ಲ. ಅದನ್ನು ಕಿಸೆಗೆ ಹಾಕಿಕೊಳ್ಳುವ ಗಿರಾಕಿಯೂ ಇಲ್ಲ. ಆ ಎರಡು ಕಾರಣಗಳು ಹೋದೊಡನೆ ಕಟ್ಟುಗಳೂ ಸಡಿಲಿದುವು.

ಆದರೆ ದೋಷವೆಲ್ಲ ಮಾರುವವರದೇ ಎಂದು ನಾವು ತೀರ್ಮಾನಿಸಬಾರದು. ಹ್ಯಾಸ್ಬ್ರೊ ಎಂಬ ಅಮೆರಿಕದ ಆಟಿಕೆ ಸಂಸ್ಥೆಯು ಪ್ಲಾಸ್ಟಿಕ್ಕನ್ನು ಕಡಿಮೆ ಮಾಡಬೇಕೆಂದು 2022ರ ಸುಮಾರಿಗೆ ತನ್ನ ಕೆಲವು ಬೊಂಬೆಗಳ ಪೆಟ್ಟಿಗೆಗಳಿಂದ ಕಿಟಕಿಯನ್ನು ತೆಗೆದುಹಾಕಿತು. ಒಳಗಿನ ಬೊಂಬೆಯು ಕಾಣಿಸದೆಂದು ಕೊಳ್ಳುವವರು ಅಸಮಾಧಾನಪಟ್ಟರು. 2023ರಲ್ಲಿ ಸಂಸ್ಥೆಯು ಕಿಟಕಿಯನ್ನು ಮರಳಿ ತರುವುದಾಗಿ ಪ್ರಕಟಿಸಿತು. ಪೆಟ್ಟಿಗೆಯ ಅಂದಕ್ಕೆ ಮರುಳಾಗಿ ವಸ್ತುವನ್ನು ಆರಿಸುವ ನಮಗೂ ಇದರಲ್ಲಿ ಪಾಲಿದೆ. ಇನ್ನೊಂದು ಕಡೆ, ಡೆನ್ಮಾರ್ಕಿನ ಲೆಗೊ ಸಂಸ್ಥೆಯು ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಗಳಿಗೆ ಬದಲಾಗಿ ಕಾಗದದ ಚೀಲಗಳನ್ನು ಬಳಸುವುದಾಗಿ 2020ರಲ್ಲಿ ತಿಳಿಸಿತು. ಕಾಗದವನ್ನು ಹರಿಯಲು ಯಾವ ಮಗುವಿಗೂ ಯಾರೂ ಕಲಿಸಬೇಕಾಗಿಲ್ಲ.

ಈ ವಿಷಯವು ಕೇವಲ ಐದು ನಿಮಿಷಗಳ ತಾಳ್ಮೆಯ ಪ್ರಶ್ನೆಯೆಂದು ತಿಳಿಯಬಾರದು. ಒಡೆದ ಚಿಪ್ಪಿನ ಅಂಚು ಚಾಕುವಿನಷ್ಟೇ ಹರಿತ. ಅವಸರದಲ್ಲಿ ಜಾರಿದ ಕತ್ತರಿಯು ಎಡಗೈಯನ್ನು ಕೊಯ್ಯುತ್ತದೆ. ಮನೆಯಲ್ಲಿ ಕೂಸು ಇದ್ದರೆ, ಕತ್ತರಿಸಿ ಬಿಸುಟ ತಂತಿಯ ತುಂಡು ಅದರ ಬಾಯಿಗೆ ಹೋಗಬಹುದು; ತೆಳುವಾದ ಪ್ಲಾಸ್ಟಿಕ್ ಚೀಲವು ಮುಖಕ್ಕೆ ಅಂಟಿ ಉಸಿರು ಕಟ್ಟಬಹುದು. ಅಲ್ಲದೆ, ಒಂದು ಗಳಿಗೆಯ ಪ್ರದರ್ಶನಕ್ಕಾಗಿ ಮಾಡಿದ ಆ ಚಿಪ್ಪು ನಮ್ಮ ಆಯುಷ್ಯಕ್ಕಿಂತ ಹೆಚ್ಚು ಕಾಲ ಉಳಿಯುವುದು. ರಟ್ಟಿಗೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಬೇರ್ಪಡಿಸದೆ ಮರುಬಳಕೆ ಮಾಡುವುದು ಕಷ್ಟ. ನಮ್ಮ ನಗರದ ಕಸವನ್ನು ಬಹುಕಾಲ ಕೊಡುಂಗೈಯೂರಿನಲ್ಲಿಯೂ ಪೆರುಂಗುಡಿಯಲ್ಲಿಯೂ ಸುರಿದರು. ಪೆರುಂಗುಡಿಯ ಆ ರಾಶಿಯು ಬೆಳೆದುದು ಪಳ್ಳಿಕರಣೆಯ ಜೌಗುಭೂಮಿಯ ಅಂಚಿನಲ್ಲಿ. ಸಾವಿರಾರು ಹಕ್ಕಿಗಳು ಬಂದಿಳಿಯುವ ಆ ಜೌಗು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಹಾಗಾದರೆ ವಿದ್ಯಾರ್ಥಿಗಳಾದ ನಾವು ಮಾಡಬೇಕಾದುದೇನು? ಪೆಟ್ಟಿಗೆಯನ್ನು ತೆರೆಯುವ ಮುನ್ನ ಅದರ ಮೇಲಿನ ಬರವಣಿಗೆಯನ್ನು ಓದಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಆ ಗುರುತು ಇದೆಯೇ, ಎಷ್ಟು ವಯಸ್ಸಿನವರಿಗಾಗಿ ಮಾಡಿದುದು ಎಂಬುದನ್ನು ಕೊಳ್ಳುವಾಗಲೇ ನೋಡುವುದು ಮೇಲು. ಚಿಪ್ಪನ್ನು ಕತ್ತರಿಸುವ ಕೆಲಸವನ್ನು ಹಿರಿಯರಿಗೆ ಬಿಡಬೇಕು. ಅವರೂ ಮೊನಚಾದ ಚಾಕುವಿನಿಂದ ತಿವಿಯದೆ, ಮೊಂಡು ತುದಿಯ ಗಟ್ಟಿ ಕತ್ತರಿಯಿಂದ ಅಂಚಿನ ಉದ್ದಕ್ಕೂ ಕತ್ತರಿಸಬೇಕು. ತಂತಿಯನ್ನು ಎಳೆಯಬಾರದು; ಪೆಟ್ಟಿಗೆಯ ಬೆನ್ನನ್ನು ತಿರುಗಿಸಿ, ಅಂಟುಪಟ್ಟಿಯನ್ನು ಕಿತ್ತು, ತಿರುಚನ್ನು ಬಿಡಿಸಿದರೆ ಅದು ತಾನಾಗಿಯೇ ಸಡಿಲುವುದು. ಎಷ್ಟು ತಂತಿಗಳಿದ್ದುವೆಂದು ಎಣಿಸಿ, ಅಷ್ಟನ್ನೂ ಒಟ್ಟುಗೂಡಿಸಿ, ರಟ್ಟನ್ನು ಬೇರೆ ಮಾಡಿ ಕಸಕ್ಕೆ ಹಾಕಬೇಕು.

ನಾಳೆ ನಿಮ್ಮಲ್ಲಿ ಕೆಲವರು ಇಂಜಿನಿಯರರಾಗಬಹುದು, ಕೆಲವರು ವರ್ತಕರಾಗಬಹುದು. ಆಗ ನೀವು ಮಾಡುವ ಪೆಟ್ಟಿಗೆಯಾಗಲಿ, ಬಾಗಿಲಾಗಲಿ, ಅರ್ಜಿಯ ನಮೂನೆಯಾಗಲಿ, ಅದನ್ನು ಕಟ್ಟಕಡೆಗೆ ಕೈಯಲ್ಲಿ ಹಿಡಿಯುವವನು ಯಾರೆಂಬುದನ್ನು ಮೊದಲು ಕೇಳಿಕೊಳ್ಳಿರಿ. ಅವನ ಬೆರಳುಗಳಿಗೆ ಎಷ್ಟು ಬಲವಿದೆಯೆಂಬುದನ್ನು ತಿಳಿದು, ಅಂಚಿನಲ್ಲಿ ಒಂದು ಸಣ್ಣ ಕಚ್ಚನ್ನು ಹಾಕಿರಿ.