ಹಳೆಯ ಗಣಕಯಂತ್ರಕ್ಕೆ ಹೊಸ ವ್ಯವಸ್ಥೆ: ತೊಡಕುಗಳೂ ಪರಿಹಾರವೂ

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆಯ ನಮ್ಮ ಕನ್ನಡ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಮೇಜಿನ ಮೇಲಿಡುವ ಹಳೆಯ ಕಂಪ್ಯೂಟರುಗಳು ಇನ್ನೂ ದುಡಿಯುತ್ತಿವೆ. ಅವು ನಿಧಾನವಾದಾಗ, ಇಲ್ಲವೆ ವೈರಸ್ ತಗುಲಿದಾಗ, ಆಪರೇಟಿಂಗ್ ಸಿಸ್ಟಮ್ ಎಂಬ ಕಾರ್ಯವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಸ್ಥಾಪಿಸುವುದು ವಾಡಿಕೆ. ಸ್ಥಾಪನೆ ಮುಗಿದ ಮೇಲೆ ಕೆಲವೊಮ್ಮೆ ಧ್ವನಿ ಹೊರಡುವುದಿಲ್ಲ, ಇಂಟರ್‌ನೆಟ್ ದೊರೆಯುವುದಿಲ್ಲ, ಪರದೆಯ ಮೇಲಿನ ಚಿತ್ರಗಳು ಹಿಗ್ಗಿದಂತೆ ಕಾಣುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಕನ್ನಡದಲ್ಲಿ ಬರೆದಿಟ್ಟ ಕಡತಗಳು ಅರ್ಥವಿಲ್ಲದ ಗೀಚುಗಳಾಗಿ ತೋರುತ್ತವೆ. ಆಗ ಯಂತ್ರವೂ ಹೋಯಿತು, ಕಡತವೂ ಹೋಯಿತು ಎಂದು ಕೈಚೆಲ್ಲುವವರು ಹಲವರು. ಅದು ಅವಸರದ ತೀರ್ಪು. ಕ್ರಮವಾಗಿ ಪರೀಕ್ಷಿಸಿದರೆ ಇವುಗಳಲ್ಲಿ ಬಹುಪಾಲನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೇ ಸರಿಪಡಿಸಬಲ್ಲರು. ಆ ಕ್ರಮವನ್ನು ಈ ಪಾಠದಲ್ಲಿ ವಿವರಿಸುತ್ತೇವೆ.

ಯಂತ್ರದ ಮೂರು ಅಂಗಗಳು

ಗದ್ವಾಲದ ಸೀರೆಯನ್ನು ನೀವೆಲ್ಲರೂ ನೋಡಿದ್ದೀರಿ. ಅದರ ಒಡಲು ಹತ್ತಿ; ಅಂಚು ರೇಷ್ಮೆ. ಎರಡೂ ಬೇರೆ ಬೇರೆ ನೂಲುಗಳಾದರೂ ನೇಕಾರನು ಎಳೆಗೆ ಎಳೆಯನ್ನು ಕೊಂಡಿ ಹಾಕಿ ಅವುಗಳನ್ನು ಒಂದುಗೂಡಿಸುತ್ತಾನೆ. ಗಣಕಯಂತ್ರವೂ ಹೀಗೆಯೇ. ಕೈಗೆ ಸಿಕ್ಕುವ ಭಾಗಗಳೆಲ್ಲ ಯಂತ್ರಾಂಶ. ಅವುಗಳಿಗೆ ಅಪ್ಪಣೆ ಕೊಡುವುದು ಕಾರ್ಯವ್ಯವಸ್ಥೆ. ಇವೆರಡನ್ನೂ ಬೆಸೆಯುವ ಸಣ್ಣ ತಂತ್ರಾಂಶಗಳಿಗೆ ಡ್ರೈವರ್, ಎಂದರೆ ಚಾಲಕ ಎಂದು ಹೆಸರು. ವ್ಯವಸ್ಥೆಯನ್ನು ಅಳಿಸಿದಾಗ ಅದರೊಡನೆ ಹಳೆಯ ಚಾಲಕಗಳೂ ಅಳಿದುಹೋಗುತ್ತವೆ. ಧ್ವನಿ ಹೊರಡದಿದ್ದರೆ ಧ್ವನಿಯ ಭಾಗವು ಕೆಟ್ಟಿತೆಂದು ಕೂಡಲೇ ತಿಳಿಯಬಾರದು. ನಿನ್ನೆಯವರೆಗೆ ಅದು ಸರಿಯಾಗಿದ್ದುದಾದರೆ, ಇಂದು ಬೆಸುಗೆಯೊಂದೇ ಬಿಟ್ಟುಹೋಗಿರುವ ಸಂಭವ ಹೆಚ್ಚು.

ಮೊದಲು ದಿನಾಂಕವನ್ನು ನೋಡಿರಿ

ಹಳೆಯ ಯಂತ್ರದಲ್ಲಿ ಮೊತ್ತಮೊದಲು ನೋಡತಕ್ಕದ್ದು ಪರದೆಯ ಮೂಲೆಯಲ್ಲಿರುವ ದಿನಾಂಕ. ಅಲ್ಲಿ ಹತ್ತಾರು ವರ್ಷ ಹಿಂದಿನ ತಾರೀಖು ಕಂಡರೆ, ಮುಖ್ಯಫಲಕದ ಮೇಲಿರುವ ನಾಣ್ಯದಾಕಾರದ ಬ್ಯಾಟರಿಯು ತೀರಿದೆಯೆಂದು ಊಹಿಸಬಹುದು. ಬಹುಮಟ್ಟಿನ ಯಂತ್ರಗಳಲ್ಲಿ ಅದು ಸಿಆರ್ 2032 ಎಂಬ ಗುರುತಿನ, 3 ವೋಲ್ಟಿನ ಬ್ಯಾಟರಿ. ಕರೆಂಟು ಹೋದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ.

ದಿನಾಂಕಕ್ಕೂ ಇಂಟರ್‌ನೆಟ್ಟಿಗೂ ಏನು ಸಂಬಂಧ? ಸುರಕ್ಷಿತ ಜಾಲತಾಣಗಳು ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿಯುಳ್ಳ ಪ್ರಮಾಣಪತ್ರವನ್ನು ತೋರಿಸುತ್ತವೆ. ಯಂತ್ರದ ತಾರೀಖು ಆ ಅವಧಿಯ ಹೊರಗಿದ್ದರೆ, ಪತ್ರವು ಸಲ್ಲದೆಂದು ಬ್ರೌಸರು ತಡೆಯುತ್ತದೆ. ಜನರು ಇಂಟರ್‌ನೆಟ್ ಕೆಟ್ಟಿದೆಯೆಂದು ಭಾವಿಸಿ ತಂತಿಗಳನ್ನೆಲ್ಲ ಕಿತ್ತು ನೋಡುತ್ತಾರೆ! ಬ್ಯಾಟರಿಯನ್ನು ಬದಲಿಸಿ ದಿನಾಂಕವನ್ನು ತಿದ್ದಿದರೆ ಈ ತಡೆ ನೀಗುತ್ತದೆ.

ಬ್ಯಾಟರಿ ತೀರಿದಾಗ ಯಂತ್ರದ ಮೂಲ ಹೊಂದಿಕೆಗಳೂ ಬದಲಾಗಬಹುದು. ಕಾರ್ಯವ್ಯವಸ್ಥೆಯೇ ಸಿಕ್ಕಲಿಲ್ಲವೆಂಬ ಸೂಚನೆ ಬಂದರೆ, ಸ್ಥಾಪನೆಗೆ ಬಳಸಿದ ಪೆನ್ ಡ್ರೈವನ್ನು ತೆಗೆದಿದ್ದೀರೋ ಇಲ್ಲವೋ ನೋಡಿರಿ. ಅನಂತರ ಯಂತ್ರವು ಮೊದಲು ಹಾರ್ಡ್ ಡಿಸ್ಕನ್ನು ಹುಡುಕುವಂತೆ ಹೊಂದಿಸಿರಿ.

ಪೆಟ್ಟಿಗೆಯನ್ನು ತೆರೆಯುವ ಮುನ್ನ ವಿದ್ಯುತ್ ತಂತಿಯನ್ನು ಗೋಡೆಯಿಂದ ಕೀಳತಕ್ಕದ್ದು. ಬಾಲಕ ಬಾಲಿಕೆಯರು ಹಿರಿಯರಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ವಿದ್ಯುತ್ ಸರಬರಾಜಿನ ಪೆಟ್ಟಿಗೆಯನ್ನಂತೂ ಯಾರೂ ಬಿಚ್ಚಲಾಗದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ.

ಚಾಲಕಗಳ ಸರದಿ

ವಿಂಡೋಸ್ ವ್ಯವಸ್ಥೆಯಲ್ಲಿ ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿಯಿದೆ. ಚಾಲಕವಿಲ್ಲದ ಭಾಗದ ಮುಂದೆ ಅಲ್ಲಿ ಹಳದಿ ಗುರುತು ಕಾಣಿಸುತ್ತದೆ. ಮೊದಲು ಜಾಲಸಂಪರ್ಕದ ಚಾಲಕವನ್ನು ಸ್ಥಾಪಿಸಿರಿ. ಇಂಟರ್‌ನೆಟ್ಟೇ ಇಲ್ಲದ ಯಂತ್ರವು ಅದನ್ನು ತಾನೇ ತರಲಾರದಾದ್ದರಿಂದ, ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿ ಪೆನ್ ಡ್ರೈವಿನಲ್ಲಿ ತರಬೇಕು. ಅದು ಕೂಡಿದ ಮೇಲೆ ಚಿತ್ರ, ಧ್ವನಿ, ಮುದ್ರಣಯಂತ್ರಗಳ ಚಾಲಕಗಳನ್ನು ಒಂದೊಂದಾಗಿ ಸೇರಿಸಿರಿ. ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ತಾಣದಿಂದಲೇ ಅವುಗಳನ್ನು ಪಡೆಯಿರಿ. ಅಪರಿಚಿತ ತಾಣಗಳು ಪುಕ್ಕಟೆಯಾಗಿ ನೀಡುವ ಚಾಲಕಗಳೊಡನೆ ವೈರಸ್ಸೂ ಬರಬಹುದು.

ಯಂತ್ರಕ್ಕೆ ತಕ್ಕ ವ್ಯವಸ್ಥೆ

ವಿಂಡೋಸ್ 7ಕ್ಕೆ ಭದ್ರತಾ ಬೆಂಬಲವು 2020ರ ಜನವರಿ 14ರಂದೂ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದೂ ಮುಗಿದವು. ವಿಂಡೋಸ್ 11 ಕನಿಷ್ಠ 4 ಜಿಬಿ ಸ್ಮರಣೆಯನ್ನೂ ಟಿಪಿಎಂ 2.0 ಎಂಬ ಭದ್ರತಾ ಭಾಗವನ್ನೂ ಕೇಳುತ್ತದೆ. ಇವಿಲ್ಲದ ಯಂತ್ರಕ್ಕೆ ಉಚಿತವಾದ ಲಿನಕ್ಸ್ ತಕ್ಕ ಆಶ್ರಯ. ಬಹುತೇಕ ಭಾಗಗಳ ಚಾಲಕಗಳು ಅದರೊಳಗೇ ಅಡಕವಾಗಿರುತ್ತವೆ.

ಗೀಚುಗಳಾಗಿ ಕಂಡ ಕನ್ನಡ

ಈಗ ನಮ್ಮ ಶಾಲೆಗಳಿಗೆ ಅತಿ ಮುಖ್ಯವಾದ ವಿಷಯಕ್ಕೆ ಬರೋಣ. ಹಳೆಯ ಪ್ರಶ್ನಪತ್ರಿಕೆಗಳು, ಪಾಠದ ಟಿಪ್ಪಣಿಗಳು, ನಾಟಕಗಳು ಅನೇಕ ಕಡೆ ‘ನುಡಿ’ ತಂತ್ರಾಂಶದಲ್ಲಿ ಬರೆಯಲ್ಪಟ್ಟಿವೆ. ಇದನ್ನು ಸಿದ್ಧಪಡಿಸಿದ್ದು ಕನ್ನಡ ಗಣಕ ಪರಿಷತ್ತು. ಇದರ ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಶೈಲಿಯು ಯಂತ್ರದಲ್ಲಿ ಇಲ್ಲದಿದ್ದರೆ ‘ಕನ್ನಡ’ ಎಂಬ ಪದವು ರೋಮನ್ನಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡ್ ನಾಣ್ಯದ ಗುರುತು ಮುಂತಾದವುಗಳ ಸಾಲಾಗಿ ಕಾಣುತ್ತದೆ. ಕನ್ನಡ ಬಾರದ ದುರಸ್ತಿಗಾರನು ಇದನ್ನು ಕಂಡು ಕಡತವು ಕೆಟ್ಟಿದೆಯೆಂದು ಅಳಿಸಿಬಿಟ್ಟರೆ ಆಶ್ಚರ್ಯವಿಲ್ಲ. ಗಡಿನಾಡಿನ ಕನ್ನಡ ಶಾಲೆಗೆ ಆ ನಷ್ಟವು ಸಣ್ಣದಲ್ಲ.

ವಾಸ್ತವವಾಗಿ ಅಲ್ಲಿ ಒಂದಕ್ಷರವೂ ಹೋಗಿಲ್ಲ. ‘ನುಡಿ’ಯನ್ನು ಮತ್ತೆ ಸ್ಥಾಪಿಸಿ ಅದೇ ಅಕ್ಷರಶೈಲಿಯನ್ನು ಆರಿಸಿದರೆ ಕನ್ನಡವು ಮರಳಿ ಕಾಣುತ್ತದೆ. ಆದರೆ ಇದು ತಾತ್ಕಾಲಿಕ ಪರಿಹಾರ. ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯ 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿದೆ. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221; ಅದು ಮತ್ತಾವ ಅಕ್ಷರಕ್ಕೂ ಸಲ್ಲದು. ಆದುದರಿಂದ ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸಿಡಿರಿ. ಒತ್ತಕ್ಷರಗಳನ್ನೂ ಅಂಕಿಗಳನ್ನೂ ಮೂಲದೊಡನೆ ಹೋಲಿಸಿ ನೋಡುವವರೆಗೆ ಮೂಲ ಕಡತವನ್ನು ಅಳಿಸಬೇಡಿರಿ.

ಮರೆಯಬಾರದ ನಿಯಮಗಳು

ವ್ಯವಸ್ಥೆಯನ್ನು ಅಳಿಸುವ ಮೊದಲು ಕಡತಗಳ ಜೊತೆಗೆ ಅಕ್ಷರಶೈಲಿಗಳನ್ನೂ ಬೇರೆಡೆ ನಕಲು ಮಾಡಿಡಬೇಕು. ತೊಡಕನ್ನು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಮಾಡಿದ್ದನ್ನೆಲ್ಲ ದಿನಾಂಕಸಹಿತ ಒಂದು ಪುಸ್ತಕದಲ್ಲಿ ಬರೆದು ಯಂತ್ರದ ಬಳಿ ಇಡಬೇಕು. ಮಗ್ಗದಲ್ಲಿ ಎಳೆ ತುಂಡಾದರೆ ನಾರಾಯಣಪೇಟೆಯ ನೇಕಾರನು ಹಾಸನ್ನೇ ಕತ್ತರಿಸುವುದಿಲ್ಲ. ತುಂಡಾದ ಎಳೆಯನ್ನು ಹುಡುಕಿ ಗಂಟು ಹಾಕುತ್ತಾನೆ.

ಅಭ್ಯಾಸ

1. ದಿನಾಂಕವು ತಪ್ಪಿದ್ದರೆ ಜಾಲತಾಣಗಳು ಏಕೆ ತೆರೆಯುವುದಿಲ್ಲ?
2. ಜಾಲಸಂಪರ್ಕದ ಚಾಲಕವನ್ನು ಮೊದಲು ಸ್ಥಾಪಿಸಬೇಕೇಕೆ?
3. ನಿಮ್ಮ ಮನೆಯ ಅಥವಾ ಶಾಲೆಯ ಯಂತ್ರದಲ್ಲಿ ‘ನುಡಿ’ಯ ಹಳೆಯ ಕಡತಗಳು ಎಷ್ಟಿವೆ? ಹಿರಿಯರೊಡನೆ ಕುಳಿತು ಪಟ್ಟಿ ಮಾಡಿರಿ.