ಸ್ಟೇಟಸ್‌ನಲ್ಲಿ ಕರಗಿದ ಅಜ್ಜಿಯ ಮಾತು

ಚಿರಂಜೀವಿ ಮಗಳಿಗೆ,

  

"ಬ್ಲಾಗ್ ಶುರು ಮಾಡ್ಬೇಕು ದೊಡ್ಡಪ್ಪ, ಯಾವ ಡಿಸೈನ್ ಚೆನ್ನಾಗಿರುತ್ತೆ?" ಎಂದು ಅಜ್ಜಂಪುರದಿಂದ ಕೇಳಿದ್ದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವಲ್ಲ, ಅದಕ್ಕೇ ತರೀಕೆರೆಯಿಂದ ಈ ಕಾಗದ ಬರೆಯುತ್ತಿದ್ದೇನೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನಿನ್ನ ಹಾಗೆ ಬರೆಯುವ ಆಸೆಯಿರುವ ಬೇರೆ ಮಕ್ಕಳೂ ಓದಲಿ ಎಂದು ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ.

ಹೋದ ತಿಂಗಳು ನೀನು ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ವಿಡಿಯೋ ಹಾಕಿದ್ದೆ. ಕಡೂರಿನ ಹಳೇ ಮನೆಯ ಅಟ್ಟದ ಕೆಳಗೆ ನಿನ್ನ ಅಜ್ಜಿ ಕೂತಿದ್ದರು. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರು ಪೂರ್ತಿ ಆರಿದೆಯೋ ಇಲ್ಲವೋ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿದೆಯೋ ಇಲ್ಲವೋ ಎಂದು ಸದ್ದು ಕೇಳಿಯೇ ಹೇಳುತ್ತಿದ್ದರು. ಎಂಬತ್ತು ವರ್ಷದ ಕಿವಿ ಅದು. ಮಾರನೆಯ ದಿನ ಇನ್ನೊಮ್ಮೆ ನೋಡೋಣವೆಂದು ತೆರೆದರೆ ವಿಡಿಯೋ ಇರಲಿಲ್ಲ. ಸ್ಟೇಟಸ್‌ನ ಆಯಸ್ಸು 24 ಗಂಟೆ. ಕಾಯಿ ಅಟ್ಟದ ಮೇಲೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅದರ ಬಗ್ಗೆ ಅಜ್ಜಿ ಆಡಿದ ಮಾತು ಒಂದೇ ದಿನಕ್ಕೆ ಹೋಯಿತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆದ್ದರಿಂದ ಡಿಸೈನ್ ವಿಷಯ ಆಮೇಲೆ. ಬ್ಲಾಗರ್ ಆಗಲಿ ವರ್ಡ್‌ಪ್ರೆಸ್ ಆಗಲಿ, ದುಡ್ಡು ಕೊಡದೆ ಶುರು ಮಾಡಬಹುದು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಫೋನಿನಲ್ಲಿ ಕಣ್ಣಿಗೆ ಹಿತವಾಗುವ ಗಾತ್ರ ಇದ್ದರೆ ಸಾಕು. ನಾನು ಒತ್ತಿ ಹೇಳಬೇಕಾದದ್ದು ಬೇರೆ. ಅಜ್ಜಿಯ ಮಾತನ್ನು ಅಕ್ಷರದಲ್ಲಿ ಬರೆ. ಫೋಟೋದ ಮೇಲೆ ಬರೆದ ಅಕ್ಷರ ಸಾಲದು, ವಿಡಿಯೋ ಒಂದೇ ಇದ್ದರೂ ಸಾಲದು. ಬೀರೂರಿನಲ್ಲೋ ತಿಪಟೂರಿನಲ್ಲೋ ಯಾರಾದರೂ "ಕೊಬ್ಬರಿ ಅಟ್ಟ" ಎಂದು ಹುಡುಕಿದಾಗ ಗೂಗಲ್‌ಗೆ ಸುಲಭವಾಗಿ ಸಿಗುವುದು ಟೈಪ್ ಮಾಡಿದ ಪದ. ಚಂದದ ಬಣ್ಣದ ಚಿತ್ರದೊಳಗೆ ಸೇರಿಕೊಂಡ ವಾಕ್ಯ ಓದುವವರ ಕಣ್ಣಿಗೆ ಕಂಡರೂ ಹುಡುಕುವವರ ಕೈಗೆ ಹತ್ತುವುದು ಕಷ್ಟ. ಕಣ್ಣು ಕಾಣದವರ ಫೋನು ಗಟ್ಟಿಯಾಗಿ ಓದಿ ಹೇಳುವುದೂ ಮುಖ್ಯವಾಗಿ ಟೈಪ್ ಮಾಡಿದ್ದನ್ನೇ.

ಹೀಗೆ ಕನ್ನಡ ಟೈಪ್ ಮಾಡುವ ಅನುಕೂಲ ನಿಮಗೆ ಹುಟ್ಟಿನಿಂದಲೇ ಸಿಕ್ಕಿದೆ. ನಮಗೆ ಇರಲಿಲ್ಲ. ನಮ್ಮ ಕಾಲದಲ್ಲಿ ಕಂಪ್ಯೂಟರಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಒಬ್ಬರ ಫಾಂಟಿನಲ್ಲಿ ಬರೆದದ್ದು, ಆ ಫಾಂಟು ಇಲ್ಲದ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಓದಲು ಬರುತ್ತಿರಲಿಲ್ಲ. ಕೆ.ಪಿ. ರಾವ್ ಅವರು ಕನ್ನಡ ಕೀಲಿಮಣೆಯ ವಿನ್ಯಾಸ ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ನೆಲೆಯಾಗಲೇಬೇಕೆಂದು ಪಟ್ಟು ಹಿಡಿದಿದ್ದರು. ಈಗ ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. 'ಕ' ಎಂದರೆ 3221. ಅಮೆರಿಕದ ಕಂಪ್ಯೂಟರಿನಲ್ಲೂ ಅಜ್ಜಂಪುರದ ಫೋನಿನಲ್ಲೂ ಅದು 'ಕ'ವೇ. ನಾನು ಹಳೇ ಫಾಂಟಿನಲ್ಲಿ ಬರೆದಿಟ್ಟಿದ್ದ, ಅಮೃತ ಮಹಲ್ ದನಗಳ ಕಾವಲುಗಳ ಬಗ್ಗೆ ಹಿರಿಯರಿಂದ ಕೇಳಿ ತಿಳಿದ ಸಂಗತಿಗಳ ಕಡತವನ್ನು ಈಗ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಪರಿವರ್ತಕಗಳು ಸಿಗುತ್ತವೆ. ದಿನಕ್ಕೆ ಎರಡು ಪುಟದಂತೆ ಬದಲಿಸಿ, ಒತ್ತಕ್ಷರ ತಿದ್ದುತ್ತಿದ್ದೇನೆ. ನೀನು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಬರೆ. ಟೈಪ್ ಮಾಡುವುದು ಬೇಸರವಾದರೆ ಫೋನಿನ ಕೀಬೋರ್ಡ್‌ನಲ್ಲಿ ಮೈಕ್ ಒತ್ತಿ ಮಾತಾಡು, ಕನ್ನಡ ತಾನೇ ಮೂಡುತ್ತದೆ. ತಪ್ಪುಗಳನ್ನು ಮಾತ್ರ ಕೂತು ತಿದ್ದಬೇಕು.

ಇನ್ನು ತಲೆಬರಹ. ನೀನು "ನಮ್ಮೂರ ಜಾತ್ರೆ" ಎಂದು ಕೊಡುತ್ತೀಯ, ನನಗೆ ಗೊತ್ತು. ಕರ್ನಾಟಕದಲ್ಲಿ ಎಷ್ಟು ಊರುಗಳಿವೆಯೋ ಅಷ್ಟು ನಮ್ಮೂರ ಜಾತ್ರೆಗಳಿವೆ. ಊರಿನ ಹೆಸರು, ತಾಲ್ಲೂಕು, ವರ್ಷ ಮೂರೂ ತಲೆಬರಹದಲ್ಲೋ ಮೊದಲ ಸಾಲಿನಲ್ಲೋ ಇರಲಿ. ಹೆಸರನ್ನು ಜನ ಬೇರೆ ಬೇರೆ ರೀತಿ ಬರೆಯುವುದಾದರೆ, ಇನ್ನೊಂದು ರೂಪವೂ ಎಲ್ಲಾದರೂ ಒಂದು ಕಡೆ ಬರಲಿ.

ಹುಡುಕುವಾಗಲೂ ಇದೇ ಬುದ್ಧಿ ಬೇಕು. 1947ರವರೆಗೂ ನಮ್ಮ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಚಿಕ್ಕಮಗಳೂರು ಎಂದು ಹುಡುಕಿದರೆ ಸಿಗದ ಹಳೇ ಪುಸ್ತಕಗಳು 'ಕಡೂರ್ ಡಿಸ್ಟ್ರಿಕ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು ಹುಡುಕಿದರೆ ಎದ್ದು ಬರುತ್ತವೆ. ಬಿ.ಎಲ್. ರೈಸ್ ಅವರು 1901ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ ಪೂರ್ತಿ ಕಡೂರು ಜಿಲ್ಲೆಯ ಶಾಸನಗಳದ್ದೇ. ಇಂಟರ್‌ನೆಟ್ ಆರ್ಕೈವ್ ಎಂಬ ತಾಣದಲ್ಲಿ ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಅಜ್ಜಂಪುರ ತಾಲ್ಲೂಕಾಗಿದ್ದು ಈಚೆಗೆ. ಅದಕ್ಕೂ ಮುಂಚಿನ ಕಾಗದಗಳಲ್ಲಿ ಅದನ್ನು ತರೀಕೆರೆ ತಾಲ್ಲೂಕಿನ ಕೆಳಗೇ ಹುಡುಕಬೇಕು. ನಿನ್ನ ಊರಿನ ಕಲ್ಲಿನ ಬಗ್ಗೆ ನೂರಿಪ್ಪತ್ತು ವರ್ಷದ ಹಿಂದೆ ಒಬ್ಬರು ಬರೆದದ್ದು ರಾತ್ರಿ ಹಾಸಿಗೆಯಲ್ಲಿ ಮಲಗಿ ಓದಲು ಸಿಗುವುದು ಎಂಥ ಭಾಗ್ಯ, ಯೋಚಿಸು.

ಸಿಕ್ಕಿದ್ದನ್ನೆಲ್ಲ ಎತ್ತಿ ಅಂಟಿಸಬೇಡ. ಅಮೃತಾಪುರದ ಅಮೃತೇಶ್ವರ ದೇವಸ್ಥಾನದ ಬಗ್ಗೆ ಹುಡುಕಿ ನೋಡು. 1196ರಲ್ಲಿ ಕಟ್ಟಿದ್ದು, ಹೊಯ್ಸಳ ಎರಡನೇ ವೀರಬಲ್ಲಾಳನ ಕಾಲ, ದಂಡನಾಯಕ ಅಮೃತೇಶ್ವರ, ಕವಿ ಜನ್ನನ ಶಾಸನ. ನಿಜವೇ, ಆದರೆ ಅವೇ ನಾಲ್ಕು ಸಾಲು ಒಬ್ಬರಿಂದ ಒಬ್ಬರಿಗೆ ಹರಿದಾಡುತ್ತಿವೆ. ನೀನು ಒಂದು ಭಾನುವಾರ ಬಾ, ಇಲ್ಲಿಂದ ಒಟ್ಟಿಗೆ ಹೋಗೋಣ. ದಕ್ಷಿಣದ ಗೋಡೆಯ ಮೇಲೆ ಎಪ್ಪತ್ತು ಫಲಕಗಳಲ್ಲಿ ರಾಮಾಯಣವಿದೆ. ಕಥೆ ಪ್ರದಕ್ಷಿಣೆಗೆ ಎದುರಾಗಿ ಸಾಗುತ್ತದೆ, ನಾವು ಹಿಂದಕ್ಕೆ ನಡೆದರೇ ಮುಂದಿನ ಪ್ರಸಂಗ. ಉತ್ತರದ ಗೋಡೆಯ ಭಾಗವತ ಮತ್ತು ಭಾರತ ಪ್ರದಕ್ಷಿಣೆಯ ದಿಕ್ಕಿನಲ್ಲೇ ಹೋಗುತ್ತವೆ. ನಿನಗೆ ಯಾವ ಫಲಕದ ಮುಂದೆ ಕಾಲು ನಿಂತಿತು, ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತಿತ್ತು, ಅದನ್ನು ಬರೆ. ತರೀಕೆರೆ ಏರಿಯ ಕುರಿಮರಿಗಳ ಹೆಸರಲ್ಲಿ ನಾಲಿಗೆ ಹೊರಳಿಸದ ಕನ್ನಡದ ಮಗುವಿಲ್ಲ. ಆ ಏರಿಯ ಮೇಲೆ ಇವತ್ತು ನಿಂತರೆ ಏನು ಕಾಣುತ್ತದೆ ಎಂದು ಬರೆಯಬೇಕಾದವರು ನಾವೇ ತಾನೆ?

ಬೇರೆಯವರ ಫೋಟೋ ಬೇಕಾದರೆ ಕೇಳಿ ಹಾಕು, ಹೆಸರು ಬರೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಲೇಖಕರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಗೂಗಲ್‌ನಲ್ಲಿ ಕಂಡ ಮಾತ್ರಕ್ಕೆ ಅದು ಊರ ಬಾವಿಯ ನೀರಲ್ಲ. ಕಾಯ್ದೆಗಿಂತ ಮೊದಲು, ಕಥೆ ಹೇಳಿದ ಮನುಷ್ಯರನ್ನು ಕೇಳಬೇಕು. "ಇದನ್ನ ಎಲ್ಲರೂ ಓದೋ ಹಾಗೆ ಹಾಕ್ಲಾ ಅಜ್ಜಿ?" ಎಂದು ಕೇಳು. ಅವರು ಬೇಡ ಎಂದದ್ದನ್ನು ಬಿಟ್ಟುಬಿಡು. ಮನೆಯ ಬಾಗಿಲು, ನಿನ್ನ ಫೋನ್ ನಂಬರು, ದಿನಾ ಬಸ್ಸು ಹತ್ತುವ ಹೊತ್ತು ಇವು ಬ್ಲಾಗಿನಲ್ಲಿ ಬೇಡ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಜಾಗದ ಗುರುತೂ ಅಡಗಿರಬಹುದು. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸು.

ಜಾಲತಾಣದ ವಿಳಾಸ ಓದುವುದನ್ನೂ ಹೇಳಿಬಿಡುತ್ತೇನೆ, ಇದು ನಿನಗಿಂತ ಹೆಚ್ಚು ನಿನ್ನ ಅಪ್ಪನಿಗೆ ಬೇಕು. ಕಾಗದದ ಮೇಲೆ ಮನೆ, ಊರು, ತಾಲ್ಲೂಕು, ಜಿಲ್ಲೆ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಬರೆಯುತ್ತೇವಲ್ಲ, ಜಾಲತಾಣದ ವಿಳಾಸವೂ ಹಾಗೇ. ಪಹಣಿ ತೆಗೆಯುವ ಭೂಮಿ ತಾಣದ ವಿಳಾಸ 'ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್' ಎಂದು ಮುಗಿಯುತ್ತದೆ. ಮೊದಲ ಒಂಟಿ ಅಡ್ಡಗೆರೆಯ ಮುಂಚೆ, ಕೊನೆಯಲ್ಲಿ ಏನಿದೆ ಎಂದು ನೋಡಬೇಕು. ಶುರುವಿನಲ್ಲಿ 'ಕರ್ನಾಟಕ' ಎಂದಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸರ್ಕಾರದ್ದೆಂದು ನಂಬಬೇಡ. ರೈಲಿನ ಹಾಗೇ ಇದು: ಬೀರೂರು ಜಂಕ್ಷನ್‌ವರೆಗೆ ಹಳಿ ಒಂದೇ, ಆಮೇಲೆ ಒಂದು ತರೀಕೆರೆ ಕಡೆ ಹೋಗುತ್ತದೆ, ಒಂದು ಅಜ್ಜಂಪುರದ ಕಡೆ. ಬೋರ್ಡ್ ನೋಡದೆ ಹತ್ತಿದರೆ ಇಳಿಯುವ ಊರೇ ಬೇರೆ. ಹಣದ ವಿಷಯದಲ್ಲೂ ನೋಡಿಯೇ ಒತ್ತಬೇಕು. ನಮ್ಮ ಬೀದಿಯಲ್ಲಿ ಅಡಿಕೆ ಮಾರುವವರೊಬ್ಬರು ಮುಂಗಡ ಹಣ ಬರುತ್ತದೆಂದು ನಂಬಿ ಪಿನ್ ಒತ್ತಿ, ಇದ್ದ ಹಣವನ್ನೇ ಕಳೆದುಕೊಂಡರು. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕಳಿಸುವುದಕ್ಕೆ, ಬರುವ ಹಣಕ್ಕೆ ಪಿನ್ ಬೇಡ. ಇದನ್ನು ಮನೆಯವರಿಗೆಲ್ಲ ಹೇಳು. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಆ ಅಡಿಕೆಯವರು ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರು, ಅದೇ ದೊಡ್ಡ ನಷ್ಟವಾಯಿತು.

ಹಣದ ಹಾಗೆ ಸುದ್ದಿಯಲ್ಲೂ ಎಚ್ಚರ ಬೇಕು. ಮಳೆಗಾಲದಲ್ಲಿ ಭದ್ರಾ ಡ್ಯಾಮಿನ ಗೇಟು ತೆರೆದ ಹಳೇ ವಿಡಿಯೋ "ಈಗಷ್ಟೇ" ಎಂದು ಬಂದರೆ, ಹಂಚುವ ಮುಂಚೆ ಆ ದಿನದ ಮಟ್ಟ ನೋಡು. ಲಕ್ಕವಳ್ಳಿಯ ಈ ಜಲಾಶಯ ತುಂಬುವುದು 186 ಅಡಿಗೆ. ನೀನು ಬರೆಯುವುದಕ್ಕೂ ದಿನಾಂಕ ಹಾಕು.

ಕೊನೆಯದು ನನ್ನ ಸ್ವಂತ ನೋವು. ನಾಲ್ಕು ವರ್ಷ ಒಂದು ಬ್ಲಾಗ್ ಬರೆದೆ. ಫೋನ್ ನಂಬರು ಬದಲಾಯಿತು, ಖಾತೆಯಲ್ಲಿ ಹಳೇ ನಂಬರೇ ಉಳಿದಿತ್ತು, ಪಾಸ್‌ವರ್ಡ್ ಮರೆತೆ, ಒಳಗೆ ಹೋಗುವ ದಾರಿಯೇ ಮುಚ್ಚಿತು. ಮನೆಗೆ ಬಂದವರಿಂದ ಕೇಳಿ ಬರೆದಿದ್ದ ಸೋಬಾನೆ ಹಾಡುಗಳು ಅಲ್ಲಿದ್ದವು. ಹಾಡಿದ ಇಬ್ಬರು ಈಗಿಲ್ಲ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದೆಂದು ಗೂಗಲ್ ನಿಯಮವೇ ಮಾಡಿಕೊಂಡಿದೆ. ಜಾಗ ಅವರದು, ಬರಹ ಮಾತ್ರ ನಮ್ಮದು. ಬ್ಲಾಗಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಎಂದಿರುತ್ತದೆ. ತಿಂಗಳಿಗೊಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿಡು. ಇಂಟರ್‌ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷಿನ್‌ಗೆ ನಿನ್ನ ಪುಟದ ವಿಳಾಸ ಕೊಟ್ಟರೆ ಅವರೂ ಒಂದು ಪ್ರತಿ ಇಟ್ಟುಕೊಳ್ಳುತ್ತಾರೆ. ಎರಡು ಹಂತದ ಭದ್ರತೆ ಹಾಕು, ಅದು ಕೊಡುವ ತುರ್ತು ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಅಮ್ಮನ ಪೆಟ್ಟಿಗೆಯಲ್ಲಿಡು.

ಮುಂದಿನ ವಾರ ಕಡೂರಿಗೆ ಹೋಗುತ್ತೀಯಲ್ಲ, ಅಜ್ಜಿಯನ್ನು ಇನ್ನೊಮ್ಮೆ ಅಟ್ಟದ ಕೆಳಗೆ ಕೂರಿಸು. ಕಾಯಿ ಹಾಕಿದ ತಿಂಗಳು ಯಾವುದು, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಆರುವುದರಲ್ಲಿ ಎಷ್ಟು ದಿನ ವ್ಯತ್ಯಾಸ, ಸದ್ದು ಕೇಳುವುದನ್ನು ಅವರಿಗೆ ಕಲಿಸಿದವರು ಯಾರು? ಆ ಮನೆಯಲ್ಲೇ ಬೆಳೆದ ನಾನು ಇಷ್ಟು ವರ್ಷ ಇದನ್ನು ಕೇಳಲೇ ಇಲ್ಲ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಹಾಕಿ ಲಿಂಕ್ ಕಳಿಸು. ಓದಿ, ತಪ್ಪಿದ್ದರೆ ತಿದ್ದಿ, ಒಂದು ಪ್ರತಿ ಮುದ್ರಿಸಿ ಇಟ್ಟುಕೊಳ್ಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ