ಸಾಕು ಮಗುವಿನ ಪರವಾಗಿ ಸಹಿ ಹಾಕುವವರು ಯಾರು?

ಯಡಿಯೂರಿನ ಪ್ರೌಢಶಾಲೆಯೊಂದರ ಮಕ್ಕಳು ಬನ್ನೇರುಘಟ್ಟಕ್ಕೆ ಪ್ರವಾಸ ಹೊರಟಿದ್ದಾರೆಂದು ಭಾವಿಸೋಣ. ಉಪಾಧ್ಯಾಯರು ಪ್ರತಿಯೊಬ್ಬರ ಕೈಗೂ ಒಂದೊಂದು ಚೀಟಿ ಕೊಟ್ಟು, ತಂದೆ ಅಥವಾ ತಾಯಿಯ ಸಹಿ ಹಾಕಿಸಿಕೊಂಡು ಬರಬೇಕೆಂದು ಹೇಳುತ್ತಾರೆ. ಮರುದಿನ ನಲವತ್ತು ಚೀಟಿಗಳು ಹಿಂದಿರುಗುತ್ತವೆ. ಮೂವತ್ತೊಂಬತ್ತರಲ್ಲಿ ಹೆತ್ತವರ ಸಹಿ ಇದೆ. ನಲವತ್ತನೆಯ ಚೀಟಿಯ ಹುಡುಗಿ ಹೆತ್ತವರ ಬಳಿ ಇಲ್ಲ. ಸರ್ಕಾರದ ಏರ್ಪಾಡಿನಂತೆ ಪೋಷಕ ಕುಟುಂಬವೊಂದರಲ್ಲಿ ಬೆಳೆಯುತ್ತಿದ್ದಾಳೆ. ಅವಳ ಚೀಟಿಗೆ ಸಾಕುತಾಯಿ ಸಹಿ ಹಾಕಿದ್ದಾಳೆ. ಒಂದು ದಿನದ ಪ್ರವಾಸಕ್ಕೆ ಅಷ್ಟು ಸಾಕೆಂದು ಯಾರಾದರೂ ಒಪ್ಪುವರು.

ಈಗ ಚೀಟಿಯ ವಿಷಯವನ್ನು ಬದಲಾಯಿಸಿ ನೋಡೋಣ. ಯಡಿಯೂರಿನ ಕೆರೆಯ ಬಳಿಯಿಂದ ಪೂರ್ವಕ್ಕೆ ಕೆಲವೇ ಮೈಲಿ ಹೋದರೆ ನಿಮ್ಹಾನ್ಸ್, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವು ಒಂದರ ನೆರೆಯಲ್ಲೊಂದು ನಿಂತಿವೆ. ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಜೊತೆಗೆ ಸಂಶೋಧನೆಯೂ ನಡೆಯುವುದುಂಟು. ಅಂಥ ಒಂದು ಆಸ್ಪತ್ರೆಯಲ್ಲಿ ಅದೇ ಹುಡುಗಿಯನ್ನು ಹೊಸ ಔಷಧದ ಪ್ರಯೋಗಕ್ಕೆ ಸೇರಿಸಿಕೊಳ್ಳಬಹುದೆ ಎಂಬ ಪ್ರಶ್ನೆ ಬಂದರೆ, ಸಹಿ ಹಾಕತಕ್ಕವರು ಯಾರು? ಸಾಕುತಾಯಿಯೆ? ಎಲ್ಲೋ ಇರುವ ಹೆತ್ತ ತಾಯಿಯೆ? ಸರ್ಕಾರವೆ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಮಾಡೋಣ.

ಮಕ್ಕಳ ಮೇಲೆ ಪ್ರಯೋಗವೇಕೆ?

ಮಕ್ಕಳನ್ನು ಪ್ರಯೋಗದಿಂದ ದೂರವಿಟ್ಟರೆ ತೀರಿತಲ್ಲವೆ ಎಂದು ವಾಚಕರು ಕೇಳಬಹುದು. ಆದರೆ ಮಗುವೆಂದರೆ ತೂಕ ಕಡಮೆಯಾದ ವಯಸ್ಕನಲ್ಲ. ಕ್ಲೋರಾಂಫೆನಿಕಾಲ್ ಎಂಬ ಔಷಧವು ದೊಡ್ಡವರಲ್ಲಿ ವಿಷಮಶೀತಜ್ವರವೇ ಮೊದಲಾದ ರೋಗಗಳನ್ನು ಗುಣಪಡಿಸುತ್ತಿತ್ತು. ಅದನ್ನೇ ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಕೊಟ್ಟಾಗ ಕೆಲವು ಶಿಶುಗಳ ಮೈ ಬೂದುಬಣ್ಣಕ್ಕೆ ತಿರುಗಿ, ರಕ್ತದ ಒತ್ತಡ ಕುಸಿದು, ಅವು ಸತ್ತುಹೋದವು. ಔಷಧವೇ ಇದಕ್ಕೆ ಕಾರಣವೆಂದು 1959ರಲ್ಲಿ ವೈದ್ಯರು ತೋರಿಸಿಕೊಟ್ಟರು. ವಯಸ್ಕರ ಯಕೃತ್ತು ಈ ಔಷಧವನ್ನು ರಾಸಾಯನಿಕವಾಗಿ ಮಾರ್ಪಡಿಸಿ ಮೂತ್ರದೊಡನೆ ಹೊರಹಾಕಲು ಅನುವುಮಾಡಿಕೊಡುತ್ತದೆ. ನವಜಾತ ಶಿಶುವಿನ ಯಕೃತ್ತಿನಲ್ಲಿ ಆ ಕೆಲಸದ ಕಿಣ್ವ ಇನ್ನೂ ಸಾಕಷ್ಟು ಬೆಳೆದಿರುವುದಿಲ್ಲ. ಹೀಗಾಗಿ ಔಷಧವು ದೇಹದಲ್ಲಿಯೇ ಶೇಖರವಾಗಿ ವಿಷವಾಗುತ್ತದೆ. ಎಚ್ಚರಿಕೆಯಿಂದ ಪರೀಕ್ಷಿಸದೆ ಮಕ್ಕಳಿಗೆ ಔಷಧ ಕೊಡುವುದೂ ಒಂದು ಪ್ರಯೋಗವೇ. ಆದರೆ ಯಾರೂ ಲೆಕ್ಕವಿಡದ, ಯಾರೂ ಹೊಣೆಹೊರದ ಪ್ರಯೋಗ.

ಆದುದರಿಂದ ಮಕ್ಕಳಲ್ಲಿ ಸಂಶೋಧನೆ ಬೇಕು. ಆದರೆ ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ. ಚಿಕಿತ್ಸೆಯ ಗುರಿ ಎದುರಿಗಿರುವ ಒಂದು ಮಗುವಿನ ಹಿತ. ಸಂಶೋಧನೆಯ ಗುರಿ ಮುಂದಿನ ಅನೇಕ ಮಕ್ಕಳಿಗೆ ಉಪಯೋಗವಾಗುವ ಜ್ಞಾನ. ಪ್ರಯೋಗಕ್ಕೆ ಸೇರಿದ ಮಗುವಿಗೆ ಅದರಿಂದ ಲಾಭವಾಗಬಹುದು, ಆಗದೆಯೂ ಇರಬಹುದು. ಇನ್ನೊಬ್ಬರಿಗಾಗಿ ಅಪಾಯವನ್ನು ಒಪ್ಪಿಕೊಳ್ಳುವ ಹಕ್ಕು ವಯಸ್ಕನಿಗೆ ಉಂಟು. ಮಗುವಿನ ಪರವಾಗಿ ಅದನ್ನು ಒಪ್ಪುವವರು ಮಗುವಿನ ಹಿತವನ್ನೇ ಮೊದಲು ಬಯಸುವವರಾಗಿರಬೇಕು. ಸಾಮಾನ್ಯವಾಗಿ ಅವರು ತಂದೆತಾಯಿಗಳು.

ಸಾಕು ಮಗು ಯಾರ ಮಗು?

ಆಸರೆ ತಪ್ಪಿದ ಮಕ್ಕಳ ವಿಷಯದಲ್ಲಿ ನಮ್ಮ ದೇಶದಲ್ಲಿ ಮುಖ್ಯವಾದುದು 2015ರ ಬಾಲನ್ಯಾಯ ಕಾಯಿದೆ. ಇದರಂತೆ ಜಿಲ್ಲೆಯಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಉಳ್ಳ ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಮಗುವನ್ನು ಪೋಷಕ ಕುಟುಂಬದಲ್ಲಿ ಇರಿಸುವ ಆಜ್ಞೆ ಈ ಸಮಿತಿಯದು. ಇದು ದತ್ತಕವಲ್ಲವೆಂಬುದನ್ನು ಗಮನಿಸಬೇಕು. ದತ್ತಕದಲ್ಲಿ ಮಗು ಹೊಸ ತಂದೆತಾಯಿಗಳ ಮಗುವೇ ಆಗುತ್ತದೆ. ಪೋಷಕತ್ವದಲ್ಲಿ ಆ ಕುಟುಂಬದ ಆಶ್ರಯದಲ್ಲಿ ಇರುತ್ತದೆ, ಅಷ್ಟೆ. ಹೆತ್ತವರು ಬದುಕಿದ್ದು, ಕಾಯಿಲೆಯಿಂದಲೋ ಸೆರೆವಾಸದಿಂದಲೋ ಮಗುವನ್ನು ನೋಡಿಕೊಳ್ಳಲಾರದೆ ಇರಬಹುದು. ಪಾಲಕನೆಂದರೆ ಮಗುವಿನ ಸಹಜ ಪಾಲಕ, ಇಲ್ಲವೆ ಮಗುವಿನ ಹೊಣೆಯನ್ನು ನಿಜವಾಗಿ ಹೊತ್ತಿರುವನೆಂದು ಸಮಿತಿಯು ವಿಚಾರಣೆಯಲ್ಲಿ ಮಾನ್ಯಮಾಡಿದ ವ್ಯಕ್ತಿ ಎಂದು ಕಾಯಿದೆ ಹೇಳುತ್ತದೆ. ಮಗುವಿಗೆ ಊಟ ಬಡಿಸುವ ಕೈಗೆಲ್ಲ ತಾನಾಗಿಯೇ ಸಹಿಯ ಅಧಿಕಾರ ಬರುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಖಮ್ಮಂ ಜಿಲ್ಲೆಯ ಪಾಠ

ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ನೆರೆನಾಡಿನ ನಿದರ್ಶನವೊಂದು ಉಂಟು. 2009ರ ಜುಲೈಯಲ್ಲಿ, ಅಂದು ಆಂಧ್ರಪ್ರದೇಶಕ್ಕೆ ಸೇರಿದ್ದ, ಇಂದು ತೆಲಂಗಾಣದಲ್ಲಿರುವ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯನ್ನು ಹಾಕುವ ಅಧ್ಯಯನ ಯೋಜನೆಯೊಂದು ಪ್ರಾರಂಭವಾಯಿತು. ಅವರಲ್ಲಿ ಅನೇಕರು ಗಿರಿಜನ ಹುಡುಗಿಯರು. ಹೆತ್ತವರಿಂದ ದೂರವಾಗಿ ಆಶ್ರಮ ಶಾಲೆಗಳ ವಿದ್ಯಾರ್ಥಿನಿಲಯಗಳಲ್ಲಿ ಇದ್ದವರು. ಕೆಲವು ಹುಡುಗಿಯರ ಮರಣದ ಸುದ್ದಿ ಹರಡಿದ ಮೇಲೆ 2010ರ ಏಪ್ರಿಲಿನಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಆ ಮರಣಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲ. ಲಸಿಕೆಯು ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ದೋಷವಿದ್ದುದು ಬೇರೆ ಕಡೆ. 2013ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯು ಮಂಡಿಸಿದ ವರದಿಯಂತೆ, ಆಂಧ್ರದ 9,543 ಒಪ್ಪಿಗೆ ಪತ್ರಗಳ ಪೈಕಿ 1,948ರಲ್ಲಿ ಹೆಬ್ಬೆಟ್ಟಿನ ಗುರುತಿತ್ತು. 2,763ಕ್ಕೆ ವಿದ್ಯಾರ್ಥಿನಿಲಯದ ಮೇಲ್ವಿಚಾರಕರೇ ಸಹಿ ಹಾಕಿದ್ದರು.

ಈ ಮಕ್ಕಳು ಅನಾಥರಲ್ಲ. ಆದರೂ ಅವರ ಸ್ಥಿತಿ ಸಾಕು ಮಕ್ಕಳ ಸ್ಥಿತಿಗೆ ಬಹಳ ಹತ್ತಿರವಾದುದು. ಮೇಲ್ವಿಚಾರಕನು ಮೇಲಧಿಕಾರಿಯ ಸೂಚನೆಯಂತೆ ನಡೆಯಬೇಕಾದ ನೌಕರ. ಒಂದೇ ಲೇಖನಿಯಿಂದ ನೂರಾರು ಮಕ್ಕಳ ಪರವಾಗಿ ಸಹಿ ಬಿದ್ದಾಗ, ‘ಈ ಮಗುವಿಗೆ ಇದು ಹಿತವೆ?’ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಮಗುವಿನ ವಿಷಯದಲ್ಲಿಯೂ ಯಾರೂ ಕೇಳಿದಂತಾಗುವುದಿಲ್ಲ.

ಅಮೆರಿಕದ ಅನುಭವ

ಅಮೆರಿಕದಲ್ಲಿ ಈ ಪ್ರಶ್ನೆ ಏಡ್ಸ್ ರೋಗದೊಡನೆ ತೀವ್ರವಾಗಿ ಎದ್ದಿತು. ಏ‌ಜೆಡ್‌ಟಿ ಎಂಬ ಔಷಧವು ವಯಸ್ಕರಿಗೆ 1987ರಲ್ಲಿ ದೊರೆತರೆ, ಮಕ್ಕಳಿಗೆ ಅದು ಮಂಜೂರಾದುದು 1990ರಲ್ಲಿ. ಆ ನಡುವೆ ರೋಗಗ್ರಸ್ತ ಮಗುವಿಗೆ ಔಷಧ ಸಿಗುವ ಮುಖ್ಯ ದಾರಿ ಪ್ರಯೋಗವೇ ಆಗಿತ್ತು. ಅಂಥ ಮಕ್ಕಳಲ್ಲಿ ಅನೇಕರು ಸರ್ಕಾರದ ಪೋಷಣೆಯಲ್ಲಿದ್ದರು. ನ್ಯೂಯಾರ್ಕ್ ನಗರವು ತನ್ನ ಸಾಕು ಮಕ್ಕಳಿಗೂ ಪ್ರಯೋಗಗಳಲ್ಲಿ ಪ್ರವೇಶ ಕೊಟ್ಟಿತು. 2009ರಲ್ಲಿ ವೆರಾ ಸಂಸ್ಥೆಯು ಕಡತಗಳನ್ನು ಶೋಧಿಸಿ, 532 ಸಾಕು ಮಕ್ಕಳು ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದ್ದರೆಂದು ತಿಳಿಸಿತು. ಅವರಲ್ಲಿ 80 ಮಂದಿ ಪೋಷಣೆಯಲ್ಲಿರುವಾಗಲೇ ತೀರಿಕೊಂಡಿದ್ದರು. ಯಾರ ಮರಣಕ್ಕೂ ಪ್ರಯೋಗದ ಔಷಧ ನೇರವಾದ ಕಾರಣವೆಂದು ಕಂಡುಬರಲಿಲ್ಲ. ಆದರೆ ಹಲವು ಕಡತಗಳಲ್ಲಿ ಒಪ್ಪಿಗೆಯ ಪತ್ರವೇ ಇರಲಿಲ್ಲ.

ಅಲ್ಲಿನ ರಾಜ್ಯಗಳ ನೀತಿಗಳು ಒಂದೇ ಬಗೆಯವಲ್ಲ. ಕನಿಷ್ಠ ಏಳು ರಾಜ್ಯಗಳಲ್ಲಿ ಸಾಕು ಮಕ್ಕಳನ್ನು ಏಡ್ಸ್ ಪ್ರಯೋಗಗಳಿಗೆ ಸೇರಿಸಲಾಗಿತ್ತೆಂದು 2005ರಲ್ಲಿ ಪತ್ರಿಕಾ ತನಿಖೆಯೊಂದು ಹೊರಗೆಡಹಿತು. ವಿಸ್ಕಾನ್ಸಿನ್ ರಾಜ್ಯದವರಾದರೋ ತಾವು ಎಂದೂ ಇದಕ್ಕೆ ಎಡೆಗೊಟ್ಟಿಲ್ಲವೆಂದರು. ಪೂರ್ಣ ನಿಷೇಧ ಸುರಕ್ಷಿತವೆಂದು ತೋರುತ್ತದೆ. ಆದರೆ ಬೇರೆ ಔಷಧವಿಲ್ಲದ ರೋಗದಲ್ಲಿ, ಹೆತ್ತವರಿರುವ ಮಗುವಿಗೆ ತೆರೆದ ಬಾಗಿಲನ್ನು ಹೆತ್ತವರಿಲ್ಲದ ಮಗುವಿಗೆ ಮುಚ್ಚುವುದು ನ್ಯಾಯವೆ?

ಇವೆರಡರ ನಡುವಣ ದಾರಿಯೊಂದನ್ನು ಅಮೆರಿಕದ ಕೇಂದ್ರ ನಿಯಮವು 1983ರಲ್ಲಿಯೇ ತೋರಿಸಿತ್ತು. ಅಲ್ಪ ಅಪಾಯವನ್ನು ಮೀರಿದ, ಮತ್ತು ಮಗುವಿಗೆ ನೇರ ಲಾಭದ ನಿರೀಕ್ಷೆಯಿಲ್ಲದ ಸಂಶೋಧನೆಗೆ ಸರ್ಕಾರದ ಆಶ್ರಯದ ಮಕ್ಕಳನ್ನು ಸೇರಿಸಬೇಕಾದರೆ, ಅದು ಅವರ ಸ್ಥಿತಿಗೇ ಸಂಬಂಧಿಸಿರಬೇಕು; ಇಲ್ಲವೆ ಅದರಲ್ಲಿ ಭಾಗವಹಿಸುವ ಬಹುಪಾಲು ಮಕ್ಕಳು ಹೆತ್ತವರುಳ್ಳವರಾಗಿರಬೇಕು. ಅಲ್ಲದೆ ಪ್ರತಿ ಮಗುವಿಗೂ ಒಬ್ಬ ಹಿತರಕ್ಷಕನನ್ನು ನೇಮಿಸಬೇಕು. ಅವನಿಗೆ ಸಂಶೋಧಕರೊಡನೆಯಾಗಲಿ ಮಗುವನ್ನು ಪಾಲಿಸುವ ಸಂಸ್ಥೆಯೊಡನೆಯಾಗಲಿ ಸಂಬಂಧವಿರಬಾರದು. ಆದರೆ ಆ ನಿಯಮವು ಎಲ್ಲ ಪ್ರಯೋಗಗಳಿಗೂ ಅನ್ವಯಿಸುತ್ತಿರಲಿಲ್ಲ. ಏಡ್ಸ್ ಪ್ರಯೋಗಗಳಲ್ಲಿ ಬಹು ಮಂದಿ ಸಾಕು ಮಕ್ಕಳಿಗೆ ಇಂಥ ಹಿತರಕ್ಷಕರು ದೊರೆಯಲಿಲ್ಲ.

ನಮ್ಮ ನಿಯಮಗಳು

ನಮ್ಮಲ್ಲಿ 2019ರ ಹೊಸ ಔಷಧಗಳ ಮತ್ತು ಔಷಧ ಪ್ರಯೋಗಗಳ ನಿಯಮಾವಳಿಯಂತೆ, ಪ್ರಯೋಗವನ್ನು ಮೊದಲು ನೈತಿಕ ಸಮಿತಿಯೊಂದು ಪರಿಶೀಲಿಸಬೇಕು. ಅದರಲ್ಲಿ ಕನಿಷ್ಠ ಏಳು ಮಂದಿ ಇರಬೇಕು. ವೈದ್ಯರಲ್ಲದೆ ಕಾನೂನು ಬಲ್ಲವರೊಬ್ಬರು, ಸಾಮಾನ್ಯ ಜನರಲ್ಲೊಬ್ಬರು ಸೇರಿರಬೇಕು. ಮಗುವಿನ ಪರವಾಗಿ ತಂದೆತಾಯಿಗಳು ಅಥವಾ ಕಾನೂನುಬದ್ಧ ಪಾಲಕರು ಒಪ್ಪಿಗೆ ಕೊಡಬೇಕು. ಅಷ್ಟೇ ಅಲ್ಲ, ಮಗುವಿನ ಸಮ್ಮತಿಯೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ 7ರಿಂದ 12 ವರ್ಷದವರೆಗೆ ಬಾಯಿಮಾತಿನ ಸಮ್ಮತಿ, ಅಲ್ಲಿಂದ 18ರವರೆಗೆ ಬರಹದ ಸಮ್ಮತಿ ಪಡೆಯಬೇಕು. ಪಾಲಕರು ಕೊಡುವುದು ಒಪ್ಪಿಗೆ; ಮಗು ಕೊಡುವುದು ಸಮ್ಮತಿ. ಒಂದು ಇನ್ನೊಂದಕ್ಕೆ ಬದಲಾಗಲಾರದು.

ಹೀಗೆ ಔಷಧದ ನಿಯಮಗಳು ಪಾಲಕನನ್ನು ಕೇಳೆನ್ನುತ್ತವೆ. ಪಾಲಕನು ಯಾರೆಂಬುದನ್ನು ಮಕ್ಕಳ ಕಾಯಿದೆ ಹೇಳುತ್ತದೆ. ಆದರೆ ಸಾಕು ಮಗು ಮತ್ತು ಔಷಧ ಪ್ರಯೋಗ ಎಂಬ ಪ್ರತ್ಯೇಕ ಅಧ್ಯಾಯ ಎರಡರಲ್ಲಿಯೂ ಇಲ್ಲ. ಎರಡು ಗೋಡೆಗಳೂ ಗಟ್ಟಿಯಾಗಿದ್ದು, ಅವು ಕೂಡುವ ಮೂಲೆಯಲ್ಲಿ ಬಿರುಕಿದ್ದರೆ ಮಳೆನೀರು ಅಲ್ಲಿಂದಲೇ ಇಳಿಯುತ್ತದೆ.

ಆ ಬಿರುಕನ್ನು ತುಂಬುವ ಬಗೆ ಹೇಗೆ? ನಮ್ಮ ನಲವತ್ತನೆಯ ಚೀಟಿಯ ಹುಡುಗಿಗೆ ಹದಿಮೂರು ವರ್ಷ, ಅವಳಿಗೆ ಅಪಸ್ಮಾರವಿದೆ, ಬಳಕೆಯಲ್ಲಿರುವ ಔಷಧಗಳಿಂದ ಮೂರ್ಛೆ ನಿಂತಿಲ್ಲ ಎಂದು ಇಟ್ಟುಕೊಳ್ಳೋಣ. ಮೊದಲನೆಯದಾಗಿ, ಇವಳೇ ಏಕೆ ಎಂದು ನೈತಿಕ ಸಮಿತಿ ಕೇಳಬೇಕು. ಅವಳ ರೋಗಕ್ಕಾಗಿ ಕರೆದಿದ್ದರೆ ಸರಿ. ಕೇಳುವವರಿಲ್ಲದ ಮಗುವೆಂದು ಕರೆದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಎರಡನೆಯದಾಗಿ, ವಿಷಯವು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ, ಒಪ್ಪಿಗೆ ಕೊಡತಕ್ಕವರು ಯಾರೆಂಬುದು ಬರಹದಲ್ಲಿ ನಿರ್ಧಾರವಾಗಬೇಕು. ಹೆತ್ತ ತಾಯಿ ಇದ್ದರೆ ಅವಳನ್ನು ಹುಡುಕಿ ಕೇಳಬೇಕು. ಅವಳ ಮೂರ್ಛೆಗಳ ಲೆಕ್ಕ ಬಲ್ಲ ಸಾಕುತಾಯಿಯ ಮಾತನ್ನೂ ಆಲಿಸಬೇಕು. ಮೂರನೆಯದಾಗಿ, ಹುಡುಗಿಗೆ ಅವಳ ಭಾಷೆಯಲ್ಲಿ ತಿಳಿಯಹೇಳಿ, ಬೇಡವೆಂದರೂ ಈಗಿನ ಚಿಕಿತ್ಸೆಯಾಗಲಿ ಮನೆಯಾಗಲಿ ತಪ್ಪುವುದಿಲ್ಲವೆಂದು ಭರವಸೆ ಕೊಡಬೇಕು. ಒಮ್ಮೆ ಮನೆ ಕಳೆದುಕೊಂಡ ಮಗು ಮತ್ತೆ ಕಳೆದುಕೊಳ್ಳುವ ಭಯದಿಂದ ಯಾವುದಕ್ಕಾದರೂ ಹೂಂ ಎನ್ನಬಹುದು. ನಾಲ್ಕನೆಯದಾಗಿ, ಸ್ವತಂತ್ರನಾದ ಹಿತರಕ್ಷಕನೊಬ್ಬನು ಪ್ರಯೋಗ ಮುಗಿಯುವವರೆಗೂ ಅವಳನ್ನು ಕಾಣುತ್ತಿರಬೇಕು. ಅವಳು ಬೇರೊಂದು ಮನೆಗೆ ಹೋದರೂ ಕಡತವೂ ಔಷಧವೂ ಅವಳನ್ನು ಹಿಂಬಾಲಿಸಬೇಕು.

ಇದಕ್ಕೆಲ್ಲ ಕಾಲ ಹಿಡಿಯುತ್ತದೆಂದು ಸಂಶೋಧಕರು ಹೇಳಬಹುದು. ತುರ್ತು ಚಿಕಿತ್ಸೆಗೆ ಕಾಯಬೇಕಾಗಿಲ್ಲ, ಸಂಶೋಧನೆಗೆ ಕಾಯಬಹುದು. ನಾಳೆ ನಮ್ಮ ವಾಚಕರಲ್ಲಿ ಕೆಲವರು ವೈದ್ಯರಾಗುವರು, ಕೆಲವರು ವಕೀಲರೋ ಅಧಿಕಾರಿಗಳೋ ಆಗುವರು. ಮೇಜಿನ ಮೇಲೆ ಒಪ್ಪಿಗೆಯ ಪತ್ರ ಬಂದಾಗ, ಸಹಿ ಇದೆಯೆ ಎಂದಷ್ಟೇ ನೋಡದೆ, ಈ ಸಹಿಯ ಹಿಂದೆ ಮಗುವನ್ನು ಬಲ್ಲವರು ಯಾರಾದರೂ ಇದ್ದಾರೆಯೆ ಎಂದು ಅವರು ಕೇಳುವಂತಾಗಲಿ.